ಜ್ಯೇಷ್ಠಮಧುವಿಗೂ ಕಿಡ್ನಿಗೂ ಏನು ಸಂಬಂಧ?

ಪ್ರಶ್ನೆ: ಮೇಡಂ, ನನ್ನ ಅಮ್ಮನಿಗೆ 62 ವರ್ಷ. ಬಿಪಿ ಒಂದೇ ಮಾತ್ರೆಯಲ್ಲಿ ಹಿಡಿತದಲ್ಲಿತ್ತು. ಎರಡು ತಿಂಗಳಿಂದ 170ರ ಕೆಳಗೆ ಇಳಿಯುತ್ತಲೇ ಇಲ್ಲ. ಪಾದ ಊದಿಕೊಂಡಿದೆ, ಮೆಟ್ಟಿಲು ಹತ್ತಲು ತೊಡೆಯಲ್ಲಿ ಶಕ್ತಿ ಇಲ್ಲ ಅನ್ನುತ್ತಾರೆ. ರಕ್ತದಲ್ಲಿ ಪೊಟ್ಯಾಸಿಯಂ 2.8ಕ್ಕೆ ಇಳಿದಿತ್ತು. ಆಲ್ಡೋಸ್ಟಿರೋನ್ ಅನ್ನುವ ಹಾರ್ಮೋನ್ ಜಾಸ್ತಿ ಆಗಿರಬೇಕು ಅಂತ ಡಾಕ್ಟರು ಅದನ್ನೂ ಟೆಸ್ಟ್ ಮಾಡಿಸಿದರು. ಅದು ತೀರಾ ಕಮ್ಮಿ ಇತ್ತು! ಕೊನೆಗೆ ‘ಮನೆಮದ್ದು ಏನಾದರೂ ತಗೋತೀರಾ?’ ಅಂತ ಕೇಳಿದಾಗ, ಗಂಟಲ ಕೆರೆತಕ್ಕೆ ಅಮ್ಮ ದಿನಾ ಎರಡು ಲೋಟ ಜ್ಯೇಷ್ಠಮಧು ಕಷಾಯ ಕುಡಿಯುತ್ತಿದ್ದದ್ದು ಹೊರಬಿತ್ತು. ಅದನ್ನು ನಿಲ್ಲಿಸಿದ್ದಾರೆ. ಗಂಟಲಿಗೆ ಕುಡಿದ ಕಷಾಯ ಕಿಡ್ನಿಗೆ ಏನು ಮಾಡಿತು?
– ಓದುಗರೊಬ್ಬರು, ಸಾಗರ

ಉತ್ತರ: ಆ ಡಾಕ್ಟರಿಗೆ ಮೊದಲು ನನ್ನದೊಂದು ನಮಸ್ಕಾರ. ಮನೆಮದ್ದಿನ ಬಗ್ಗೆ ಕೇಳುವಷ್ಟು ಪುರುಸೊತ್ತು ಈಗ ಯಾರಿಗಿದೆ?

ಅಮ್ಮನನ್ನು ಬೈಯಬೇಡಿ. ನಾನು 31 ವರ್ಷ ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡಿದವಳು. ಒಂದು ಚಳಿಗಾಲ ಗಂಟಲು ಕಟ್ಟಿಕೊಂಡಿತ್ತು. ಗ್ರಂಧಿಗೆ ಅಂಗಡಿಯಿಂದ ಜ್ಯೇಷ್ಠಮಧು ಬೇರು ತಂದು ಡಬ್ಬಿಯಲ್ಲಿಟ್ಟುಕೊಂಡೆ. ಕ್ಲಾಸಿಗೆ ಹೊರಡುವ ಮುಂಚೆ ದವಡೆಯಲ್ಲಿ ಒಂದು ತುಂಡು, ಮಧ್ಯಾಹ್ನ ಇನ್ನೊಂದು, ಸಂಜೆ ಸುಮ್ನೆ ರುಚಿಗೆ ಮತ್ತೊಂದು. ತಿಂಗಳು ಕಳೆಯುವಷ್ಟರಲ್ಲಿ ಚಪ್ಪಲಿ ಬಿಗಿಯಾಯಿತು. ನಿಂತು ನಿಂತು ಕಾಲು ಊದಿದೆ ಅಂದುಕೊಂಡೆ. ಬೋರ್ಡಿನ ಮೇಲೆ ಆಲ್ಡೋಸ್ಟಿರೋನ್ ಚಿತ್ರ ಬರೆಯುತ್ತಿದ್ದವಳಿಗೇ ಬಾಯಲ್ಲಿದ್ದ ತುಂಡು ನೆನಪಾಗಲಿಲ್ಲ! ಬಿಪಿ ನೋಡಿದ ಸಹೋದ್ಯೋಗಿ ‘ಏನಮ್ಮಾ ಅಗೀತಾ ಇರೋದು?’ ಅಂತ ಕೇಳಿದ ಮೇಲೆ ತಲೆಗೆ ಹೊಳೆಯಿತು.

ಈಗ ಕಿಡ್ನಿಗೆ ಬರೋಣ. ಹಬ್ಬಕ್ಕೆ ಅಟ್ಟ ಕ್ಲೀನ್ ಮಾಡುವಾಗ ಏನು ಮಾಡುತ್ತೀರಿ? ಎಲ್ಲವನ್ನೂ ಅಂಗಳಕ್ಕೆ ಇಳಿಸಿ, ಬೇಕಾದ್ದನ್ನು ಮಾತ್ರ ವಾಪಸ್ ಏರಿಸುತ್ತೀರಿ, ಅಲ್ವಾ? ಕಿಡ್ನಿಯೂ ಹಾಗೇ. ದಿನಕ್ಕೆ ಸುಮಾರು 180 ಲೀಟರ್ ನೀರನ್ನು ರಕ್ತದಿಂದ ಸೋಸಿ ಸಣ್ಣ ಸಣ್ಣ ನಾಳಗಳಿಗೆ ಬಿಡುತ್ತದೆ. ಅದರ ಜೊತೆ ಹೋಗುವ ಉಪ್ಪು ಎಷ್ಟು ಗೊತ್ತಾ? ಸುಮಾರು ಒಂದೂವರೆ ಕೆಜಿ! ನಾಳದ ಮೊದಲ ಭಾಗಗಳೇ ಅದರಲ್ಲಿ ಬಹುಪಾಲನ್ನು ಹೆಚ್ಚು ಲೆಕ್ಕಾಚಾರವಿಲ್ಲದೆ ವಾಪಸ್ ಎಳೆದುಕೊಳ್ಳುತ್ತವೆ. ಲೆಕ್ಕಾಚಾರ ಇರುವುದು ನಾಳದ ಬಾಲದಲ್ಲಿ. ಅಲ್ಲಿ ಉಳಿಯುವುದು ಬರೀ ಎರಡು ಮೂರು ಪರ್ಸೆಂಟ್. ಆದರೆ ಒಂದೂವರೆ ಕೆಜಿಗೆ ಎರಡು ಪರ್ಸೆಂಟ್ ಅಂದರೂ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಮ್ಮಿ ತಿನ್ನಿ ಅನ್ನುತ್ತದೆ. ಹಾಗಾಗಿ ಈ ಬಾಲದಲ್ಲಿ ಸ್ವಲ್ಪ ಏರುಪೇರಾದರೂ ಬಿಪಿ ಅಲುಗಾಡುತ್ತದೆ.

ಆ ಬಾಲದ ಯಜಮಾನಿಕೆ ಆಲ್ಡೋಸ್ಟಿರೋನಿನದು. ಕಿಡ್ನಿಯ ತಲೆಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಿಂದ ಬರುವ ಸ್ಟೀರಾಯ್ಡ್ ಇದು. 1953ರಲ್ಲಿ ಇದನ್ನು ಶುದ್ಧವಾಗಿ ಬೇರ್ಪಡಿಸಿದವರು ಲಂಡನ್ನಿನ ಸಿಲ್ವಿಯಾ ಸಿಂಪ್ಸನ್, ಜೇಮ್ಸ್ ಟೇಟ್ ಮತ್ತು ಅವರ ಸ್ವಿಸ್ ಸಂಗಡಿಗರು. ಇದು ನಾಳದ ಜೀವಕೋಶದೊಳಗೆ ಹೋಗಿ ತನ್ನ ಸೀಟಿನಲ್ಲಿ ಕೂರುತ್ತದೆ. ಆಮೇಲೆ ಜೀನುಗಳು ಎಚ್ಚರಾಗಬೇಕು, ಪ್ರೋಟೀನು ತಯಾರಾಗಬೇಕು. ಅದಕ್ಕೇ ಕೆಲಸ ಶುರುವಾಗಲು ಒಂದು ಗಂಟೆಯಾದರೂ ಬೇಕು. ಆಗ ಮೂತ್ರದ ಕಡೆಯ ಗೋಡೆಯಲ್ಲಿ ಸೋಡಿಯಂ ಬಾಗಿಲುಗಳು ಜಾಸ್ತಿಯಾಗುತ್ತವೆ, ಸೋಡಿಯಂ ಒಳನುಗ್ಗುತ್ತದೆ. ರಕ್ತದ ಕಡೆಯ ಗೋಡೆಯಲ್ಲೊಂದು ಪಂಪ್ ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರದಲ್ಲಿ ಕಂಡುಹಿಡಿದದ್ದು ಇದನ್ನೇ, ನೊಬೆಲ್ ಬರಲು 1997 ಆಯಿತು. ಈ ಪಂಪ್ ಮೂರು ಸೋಡಿಯಂ ರಕ್ತಕ್ಕೆ ತಳ್ಳಿದರೆ ಎರಡು ಪೊಟ್ಯಾಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಹಾಗೆ ಒಳಗೆ ಬಂದ ಪೊಟ್ಯಾಸಿಯಂ ಇನ್ನೊಂದು ಬಾಗಿಲಿನಿಂದ ಮೂತ್ರಕ್ಕೆ ಜಾರುತ್ತದೆ. ಸೋಡಿಯಂ ಉಳಿಯಿತು, ಅದರ ಹಿಂದೆ ನೀರೂ ಉಳಿಯಿತು, ಬಿಪಿ ಏರಿತು. ಪೊಟ್ಯಾಸಿಯಂ ಹೋಯಿತು, ತೊಡೆಯ ಶಕ್ತಿ ಹೋಯಿತು. ಅಮ್ಮನ ಕಾಯಿಲೆ ಪೂರ್ತಿ ಇಷ್ಟೇ.

ಆದರೆ ಅಮ್ಮನಿಗೆ ಆಲ್ಡೋಸ್ಟಿರೋನ್ ಕಮ್ಮಿ ಇತ್ತಲ್ಲ? ತಮಾಷೆ ಇರುವುದೇ ಇಲ್ಲಿ. ಅದೇ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಅನ್ನುವ ಇನ್ನೊಂದು ಸ್ಟೀರಾಯ್ಡನ್ನೂ ಮಾಡುತ್ತದೆ. ರಕ್ತದಲ್ಲಿ ಅದು ಆಲ್ಡೋಸ್ಟಿರೋನಿಗಿಂತ ನೂರು ಪಟ್ಟಿಗೂ ಜಾಸ್ತಿ. ಆಲ್ಡೋಸ್ಟಿರೋನಿನ ಸೀಟಿನಲ್ಲಿ ಅದೂ ಅಷ್ಟೇ ಚೆನ್ನಾಗಿ ಕೂರುತ್ತದೆ! ನಮ್ಮ ಸರ್ಕಾರಿ ಬಸ್ಸಿನಲ್ಲಿ ‘ಮಹಿಳೆಯರಿಗೆ’ ಅಂತ ಬರೆದ ಸೀಟು ನೆನಪಿಸಿಕೊಳ್ಳಿ. ಯಾರು ಕೂತರು ಅಂತ ಸೀಟು ನೋಡುವುದಿಲ್ಲ, ಎಬ್ಬಿಸಲು ಕಂಡಕ್ಟರ್ ಬೇಕು. ಕಿಡ್ನಿಯಲ್ಲಿ ಆ ಕಂಡಕ್ಟರ್ 11-ಬೀಟಾ-ಎಚ್‌ಎಸ್‌ಡಿ-2 ಅನ್ನುವ ಕಿಣ್ವ. ಜೀವಕೋಶಕ್ಕೆ ಬಂದ ಕಾರ್ಟಿಸಾಲನ್ನು ಆ ಸೀಟಿಗೆ ಹೊಂದದ ಕಾರ್ಟಿಸೋನ್ ಆಗಿ ಬದಲಾಯಿಸಿಬಿಡುತ್ತದೆ.

ಜ್ಯೇಷ್ಠಮಧುವಿನ ಸಿಹಿಯ ಮೂಲ ಗ್ಲಿಸಿರೈಜಿನ್. ಹೊಟ್ಟೆಗೆ ಹೋದ ಮೇಲೆ ಅದರಿಂದ ಹುಟ್ಟುವ ಆಮ್ಲ ಈ ಕಂಡಕ್ಟರನ್ನು ಮಲಗಿಸುತ್ತದೆ. ಕಾರ್ಟಿಸಾಲ್ ಎಲ್ಲಾ ಸೀಟು ಹಿಡಿಯುತ್ತದೆ. ಮೈಯಲ್ಲಿ ಉಪ್ಪು, ನೀರು ತುಂಬಿದ್ದನ್ನು ಕಂಡು ಅಡ್ರಿನಲ್ ಗ್ರಂಥಿ ಆಲ್ಡೋಸ್ಟಿರೋನನ್ನು ಕಡಿಮೆ ಮಾಡುತ್ತದೆ. ನಿಮ್ಮ ಲ್ಯಾಬ್ ರಿಪೋರ್ಟು ಸರಿಯಾಗಿಯೇ ಇತ್ತು.

ಇದು ಗೊತ್ತಾಗಲು ಬಹಳ ವರ್ಷ ಹಿಡಿಯಿತು. ನೆದರ್ಲೆಂಡ್ಸಿನ ರೆವರ್ಸ್ ಅನ್ನುವ ಡಾಕ್ಟರು ಹೊಟ್ಟೆ ಹುಣ್ಣಿಗೆ ಇದೇ ಬೇರಿನ ಸಾರ ಕೊಡುತ್ತಿದ್ದರು. ಕೆಲವರ ಮುಖ, ಕಾಲು ಊದಿದ್ದನ್ನು 1946ರಲ್ಲಿ ಬರೆದರು. ಈ ಬೇರಿನ ಸಾರವೇ ಆಲ್ಡೋಸ್ಟಿರೋನಿನ ಹಾಗೆ ವರ್ತಿಸುತ್ತದೆ ಅಂತ ಆಮೇಲೆ ಬಹಳ ಕಾಲ ನಂಬಿದ್ದರು. ಆದರೆ ಅಡ್ರಿನಲ್ ಗ್ರಂಥಿ ಪೂರ್ತಿ ಕೆಟ್ಟ ರೋಗಿಗಳಿಗೆ ಬೇರು ಮಾತ್ರ ಕೊಟ್ಟರೆ ಏನೂ ಆಗುತ್ತಿರಲಿಲ್ಲ. ಜೊತೆಗೆ, ಲಿವರಿನಲ್ಲಿ ಮತ್ತೆ ಕಾರ್ಟಿಸಾಲ್ ಆಗುವ ಕಾರ್ಟಿಸೋನ್ ಮಾತ್ರೆ ಕೊಟ್ಟರೆ ಆಗುತ್ತಿತ್ತು. ಈ ಸುಳಿವು ಕೈಯಲ್ಲೇ ಇದ್ದರೂ ಕಂಡಕ್ಟರ್ ಸಿಕ್ಕಿದ್ದು 1988ರಲ್ಲಿ, ಎಡಿನ್‌ಬರೋ ಮತ್ತು ಮೆಲ್ಬರ್ನಿನ ತಂಡಗಳಿಗೆ.

ಕಷಾಯ ನಿಲ್ಲಿಸಿದ ಮರುದಿನವೇ ಎಲ್ಲ ಸರಿಹೋಗುವುದಿಲ್ಲ. ಒಂದೆರಡು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಅಲ್ಲಿಯವರೆಗೆ ಡಾಕ್ಟರು ಹೇಳಿದಾಗಲೆಲ್ಲ ಪೊಟ್ಯಾಸಿಯಂ ಟೆಸ್ಟ್ ಮಾಡಿಸಿ. 2.8 ಅಂದರೆ ಹೃದಯದ ಬಡಿತವೂ ತಪ್ಪಬಹುದು. ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧಿ ಇದೆಯಾ ಅಂತಲೂ ಕೇಳಿ. ಅಂಥ ಮಾತ್ರೆಗಳಲ್ಲಿ ಬಹಳಷ್ಟು ಪೊಟ್ಯಾಸಿಯಂ ಕಳೆಯುತ್ತವೆ. ಗಂಟಲಿಗೆ ಬಿಸಿನೀರು ಸಾಕು.

ಪ್ರಶ್ನೆ: ಹೃದಯದ ತೊಂದರೆಗೆ ಸ್ಪೈರೊನೊಲ್ಯಾಕ್ಟೋನ್ ಕೊಟ್ಟಿದ್ದಾರೆ. ಎಳನೀರು ಬೇಡ ಅಂದಿದ್ದಾರೆ. ಎಳನೀರಿಗಿಂತ ಒಳ್ಳೆಯದು ಏನಿದೆ ಮೇಡಂ?
– ಓದುಗರೊಬ್ಬರು, ಮದ್ದೂರು

ಉತ್ತರ: ಮದ್ದೂರಿನವರಿಗೆ ಎಳನೀರು ಬೇಡ ಅನ್ನುವುದು ಕಷ್ಟ, ನನಗೆ ಅರ್ಥವಾಗುತ್ತದೆ. ಮೇಲೆ ಹೇಳಿದ ಸೀಟು ಇದೆಯಲ್ಲ, ನಿಮ್ಮ ಮಾತ್ರೆ ಅಲ್ಲಿಗೆ ಹೋಗಿ ಟವೆಲ್ ಹಾಕಿಬಿಡುತ್ತದೆ. ಆಲ್ಡೋಸ್ಟಿರೋನ್ ಕೂರುವಂತಿಲ್ಲ. ಸೋಡಿಯಂ ಹೊರಗೆ ಹೋಗುತ್ತದೆ, ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಅದರ ಮೇಲೆ ಒಂದು ಲೋಟ ಎಳನೀರು ಅಂದರೆ ಅರ್ಧ ಗ್ರಾಂ ಆಸುಪಾಸು ಪೊಟ್ಯಾಸಿಯಂ. ಪೊಟ್ಯಾಸಿಯಂ 5 ದಾಟಿ ಮೇಲೇರುತ್ತಾ ಹೋದರೆ ಹೃದಯಕ್ಕೆ ಅಪಾಯ. ಅಂಗಡಿಯಲ್ಲಿ ‘ಕಮ್ಮಿ ಸೋಡಿಯಂ’ ಅಂತ ಮಾರುವ ಉಪ್ಪನ್ನೂ ಮುಟ್ಟಬೇಡಿ. ಅದರಲ್ಲಿ ಸೋಡಿಯಂ ಬದಲು ಹಾಕಿರುವುದು ಸಾಮಾನ್ಯವಾಗಿ ಪೊಟ್ಯಾಸಿಯಮ್ಮನ್ನೇ. ಇನ್ನೊಂದು ಮಾತು. ಈ ಮಾತ್ರೆಯಿಂದ ಕೆಲವು ಗಂಡಸರಿಗೆ ಎದೆ ಊದಿ ನೋಯುತ್ತದೆ. ಹಾಗಾದರೆ ನಾಚಿಕೆ ಪಟ್ಟುಕೊಂಡು ನೀವೇ ಮಾತ್ರೆ ಬಿಡಬೇಡಿ. ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ.