ಎಸಳು ಜಾಸ್ತಿ ಇರುವ ದಾಸವಾಳದಲ್ಲಿ ಕೇಸರ ಎಲ್ಲಿ?

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ದಾಸವಾಳ ಬಿಡಿಸಿ, ಭಾಗಗಳನ್ನು ಅಂಟಿಸಿ ತರಲು ಹೇಳಿದ್ದರು. ನಮ್ಮ ಗಿಡದ್ದು ಗುಂಡಗೆ, ತುಂಬಾ ಎಸಳಿನ ಹೂ. ಎಷ್ಟು ಬಿಡಿಸಿದರೂ ಪುಸ್ತಕದ ಚಿತ್ರದಲ್ಲಿರುವ ಉದ್ದನೆಯ ಕಡ್ಡಿ ಸಿಗಲಿಲ್ಲ. ಗಿಡಕ್ಕೆ ರೋಗವೇ?
– ಗೃಹಿಣಿ, ಸಾಗರ

ಉತ್ತರ: ರೋಗ ಏನೂ ಅಲ್ಲ ಮೇಡಂ. ನಿಮ್ಮ ಹೂವಿನಲ್ಲಿ ಕೇಸರಗಳೇ, ಅಂದರೆ ಪರಾಗ ಕೊಡುವ ಗಂಡು ಭಾಗಗಳೇ, ಎಸಳಾಗಿಬಿಟ್ಟಿವೆ. ನಾಳೆ ಇನ್ನೊಂದು ಹೂ ಕಿತ್ತು ಒಳಗಿನ ಸಣ್ಣ, ಸುಕ್ಕು ಎಸಳುಗಳನ್ನು ಒಂದೊಂದಾಗಿ ನೋಡಿ. ಕೆಲವುದರ ಅಂಚಿನಲ್ಲಿ ಹಳದಿ ಚುಕ್ಕೆ ಅಂಟಿಕೊಂಡಿರುತ್ತದೆ. ಅದು ಪರಾಗಕೋಶ. ಅರ್ಧ ಕೇಸರ, ಅರ್ಧ ಎಸಳು! ತುಂಬು ಗುಲಾಬಿಯ ಕಥೆಯೂ ಇದೇ, ಕಾಡುಗುಲಾಬಿಗೆ ಸಾಮಾನ್ಯವಾಗಿ ಇರುವುದು ಐದೇ ಎಸಳು.

ಪಾಠಕ್ಕೆ ಐದೆಸಳಿನ ಕೆಂಪು ದಾಸವಾಳವೇ ಬೇಕು. ಹೊರಗಿನಿಂದ ಶುರು ಮಾಡಿ. ಬುಡದಲ್ಲಿ ಹಸಿರು ಬಟ್ಟಲು ಇದೆಯಲ್ವಾ, ಅದು ಪುಷ್ಪಪತ್ರಗಳು ಕೂಡಿಕೊಂಡು ಆದದ್ದು, ಮೊಗ್ಗನ್ನು ಕಾಯುವುದು ಅದರ ಕೆಲಸ. ದಾಸವಾಳಕ್ಕೆ ಅದರ ಕೆಳಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಳೆಗಳೂ ಇರುತ್ತವೆ. ಆಮೇಲೆ ಐದು ಎಸಳು. ನಡುವಿನ ಕಡ್ಡಿಯನ್ನು ಎಲ್ಲರೂ ಒಂದೇ ಭಾಗ ಅಂದುಕೊಳ್ಳುತ್ತಾರೆ, ಆದರೆ ಅದು ಕೊಳವೆ: ಕೇಸರಗಳ ಕಾಲುಗಳೆಲ್ಲ ಕೂಡಿಕೊಂಡು ಆದ ಕೊಳವೆ, ಅದರ ಒಳಗೆ ಶಲಾಕೆಯ (ಹೂವಿನ ಹೆಣ್ಣು ಭಾಗ) ದಾರ ಬುಡದಿಂದ ತುದಿಯವರೆಗೂ ಹೋಗಿ ಐದು ಕವಲಾಗಿ ಹೊರಗೆ ಬಂದಿರುತ್ತದೆ. ಬ್ಲೇಡಿನಲ್ಲಿ ಕೊಳವೆಯನ್ನು ನಿಧಾನವಾಗಿ ಉದ್ದಕ್ಕೆ ಸೀಳಿದರೆ ದಾರ ಕಾಣುತ್ತದೆ. ಬ್ಲೇಡ್ ನೀವೇ ಹಿಡಿಯಿರಿ, ಮಗು ನೋಡಲಿ. ದಾರ ಹಿಡಿದು ಕೆಳಗೆ ಬಂದರೆ ಬಟ್ಟಲಿನೊಳಗೆ ಪುಟ್ಟ ಗುಂಡು, ಅದೇ ಅಂಡಾಶಯ. ಅಡ್ಡ ಕತ್ತರಿಸಿ, ಐದು ಕೋಣೆ, ಒಳಗೆ ಬಿಳಿ ಚುಕ್ಕೆಗಳಂಥ ಅಂಡಕಗಳು, ಮುಂದೆ ಬೀಜವಾಗುವಂಥವು.

ನನ್ನನ್ನು ಕೇಳಿದರೆ ದಾಸವಾಳಕ್ಕಿಂತ ಬೆಂಡೆ ಹೂವೇ ಒಳ್ಳೆಯ ಪಾಠ. ಎರಡೂ ಒಂದೇ ಕುಟುಂಬ, ಒಳಗಿನ ಕೊಳವೆ ಅದೇ ಥರ. ಮನೆಯ ದಾಸವಾಳ ಕಾಯಿ ಬಿಡುವುದು ಅಪರೂಪ, ಕಡ್ಡಿ ನೆಟ್ಟು ಬೆಳೆಸುತ್ತೇವೆ. ಹಾಗಾಗಿ ಅಂಡಾಶಯ ಮುಂದೆ ಏನಾಗುತ್ತದೆ ಅಂತ ಮಗುವಿಗೆ ಗೊತ್ತೇ ಆಗುವುದಿಲ್ಲ. ಬೆಂಡೆಯಲ್ಲಾದರೆ ಅದೇ ಗುಂಡು ಕೆಲವೇ ದಿನದಲ್ಲಿ ಬೆಂಡೆಕಾಯಿ. ಸಾರಿಗೆ ಹೆಚ್ಚುವಾಗ ಕಾಣುವ ಆ ಕೋಣೆಗಳು, ಬೀಜಗಳು, ಎಲ್ಲ ಹೂವಿನಲ್ಲೇ ಇದ್ದವು.

ಪ್ರಶ್ನೆ: ಸಿಹಿಗುಂಬಳದ ಬಳ್ಳಿ ತುಂಬಾ ಹೂ. ಒಂದೂ ಕಾಯಿ ಇಲ್ಲ. ಬರೀ ಗಂಡು ಹೂ ಅನ್ನುತ್ತಾರೆ ಪಕ್ಕದ ಮನೆಯವರು. ಹೂವಿನಲ್ಲೂ ಹೆಣ್ಣು ಗಂಡು ಬೇರೆ ಇರುತ್ತದೆಯೇ?
– ಓದುಗರು, ತುಮಕೂರು

ಉತ್ತರ: ಪಕ್ಕದ ಮನೆಯವರು ಹೇಳಿದ್ದು ಸರಿ ಇರಬಹುದು. ದಾಸವಾಳದಲ್ಲಿ ಕೇಸರ, ಶಲಾಕೆ ಎರಡೂ ಒಂದೇ ಹೂವಿನಲ್ಲಿ. ಕುಂಬಳದಲ್ಲಿ ಬೇರೆ ಬೇರೆ ಹೂ, ಆದರೆ ಬಳ್ಳಿ ಒಂದೇ. ಪಪ್ಪಾಯದಲ್ಲಂತೂ ಎಷ್ಟೋ ಸಲ ಮರವೇ ಬೇರೆ.

ಗುರುತು ಸುಲಭ. ಎಸಳಿನ ಕೆಳಗೆ ನೋಡಿ. ಗೋಲಿಯಂಥ ಹೀಚು ಇದ್ದರೆ ಹೆಣ್ಣು ಹೂ, ಬರೀ ಉದ್ದ ತೊಟ್ಟಿದ್ದರೆ ಗಂಡು. ಆ ಹೀಚೇ ಅಂಡಾಶಯ. ದಾಸವಾಳದಲ್ಲಿ ಅದು ಎಸಳು ಅಂಟಿದ ಜಾಗಕ್ಕಿಂತ ಮೇಲೆ, ಇಲ್ಲಿ ಕೆಳಗೆ. ಮೊದಲು ಬರೀ ಗಂಡು ಹೂವೇ ಬರುವುದು ಸಹಜ, ಸ್ವಲ್ಪ ದಿನ ಕಾಯಿರಿ. ಹೆಣ್ಣು ಹೂ ಬಂದೂ ಹೀಚು ಹಳದಿಯಾಗಿ ಉದುರುತ್ತಿದ್ದರೆ ಜೇನುನೊಣ ಸಾಲದು ಅಂತಲೇ ಹೆಚ್ಚಿನ ಸಲ ಅರ್ಥ. ಬೆಳಿಗ್ಗೆ ಬೇಗ ಎದ್ದು ಗಂಡು ಹೂ ಕಿತ್ತು, ಎಸಳು ಹರಿದು, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟು ತುದಿಗೆ ಸವರಿ. ಬಿಸಿಲೇರುವ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ. ಮತ್ತೆ ಪಲ್ಯಕ್ಕೆ ಅಂತ ಗಂಡು ಹೂಗಳನ್ನೆಲ್ಲ ಕೀಳಬೇಡಿ!

ಪ್ರಶ್ನೆ: ಒಂದು ಚೆಂಡುಹೂವಿನಲ್ಲಿ ಎಷ್ಟು ಎಸಳಿರುತ್ತದೆ?
– ವಿದ್ಯಾರ್ಥಿ, ಗದಗ

ಉತ್ತರ: ನೀನು ಎಸಳು ಅಂತ ಎಣಿಸುತ್ತಿರುವುದು ಒಂದೊಂದೂ ಒಂದು ಹೂ ಮರಿ. ಚೆಂಡುಹೂ, ಸೇವಂತಿಗೆ, ಸೂರ್ಯಕಾಂತಿ, ಇವೆಲ್ಲ ಹೂಗೊಂಚಲು. ಒಂದನ್ನು ಮೆಲ್ಲಗೆ ಎಳೆದು ನೋಡು, ಬುಡದಲ್ಲಿ ಸಪೂರ ಕಡ್ಡಿಯಂಥ ಅಂಡಾಶಯ ಜೊತೆಗೇ ಬರುತ್ತದೆ. ಅದು ಬಲಿತರೆ ಬೀಜ. ಹಬ್ಬದ ಹಾರ ಒಣಗಿದ ಮೇಲೆ ಹಿತ್ತಲಲ್ಲಿ ಉದುರಿಸಿದರೆ ಎಷ್ಟೋ ಸಲ ಗಿಡ ಏಳುತ್ತದೆ.