ಫೋನ್ ಎತ್ತಿದ್ರೆ ಆ ಕಡೆ ಸದ್ದೇ ಇರಲ್ಲ

ಪ್ರಶ್ನೆ: ಮನೆ ಫೋನಿಗೆ ದಿನಾ ನಾಲ್ಕೈದು ಮಾರ್ಕೆಟಿಂಗ್ ಕಾಲ್, ಲೋನ್ ಬೇಕಾ ಇನ್ಶೂರೆನ್ಸ್ ಬೇಕಾ ಅಂತ. ಅಮ್ಮಂಗೆ ಮಂಡಿ ನೋವು, ಗೋಡೆ ಹಿಡ್ಕೊಂಡು ಬಂದು ಎತ್ತಿದ್ರೆ ಎರಡ್ಮೂರು ಸೆಕೆಂಡ್ ಸದ್ದೇ ಇರಲ್ಲ, ಕೆಲವು ಸಲ ಹಾಗೇ ಕಟ್ಟಾಗುತ್ತೆ. ಯಾರಾದ್ರೂ ಮಾತಾಡಿದ್ರೆ ಪಾಪ ಅನ್ಕೊಂಡು ಪೂರ್ತಿ ಕೇಳಿ ‘ಈಗ ಕೆಲಸ ಇದೆ, ಆಮೇಲೆ ಮಾಡಮ್ಮ’ ಅಂತಾರೆ. ಏನ್ಮಾಡೋದು?

ಉತ್ತರ: ಆ ಸದ್ದಿಲ್ಲದ ಎರಡ್ಮೂರು ಸೆಕೆಂಡಲ್ಲೇ ವಿಷಯ ಇದೆ. ನಿಮ್ಮ ನಂಬರ್ ಒತ್ತಿದ್ದು ಮನುಷ್ಯರಲ್ಲ, ಡಯಲರ್ ಅನ್ನೋ ಸಾಫ್ಟ್‌ವೇರ್. ಎಷ್ಟೋ ಜನ ಎತ್ತೋದೇ ಇಲ್ಲ ಅಂತ ಲೆಕ್ಕ ಹಾಕಿ ಅದು ಅಲ್ಲಿ ಮಾತಾಡೋಕೆ ಕೂತಿರೋರಿಗಿಂತ ಜಾಸ್ತಿ ನಂಬರಿಗೆ ಒಟ್ಟಿಗೇ ಕಾಲ್ ಹಾಕುತ್ತೆ, ಎತ್ತಿದವರನ್ನ ಆಗ ಬಿಡುವಾಗಿರೋ ಒಬ್ಬರಿಗೆ ದಾಟಿಸುತ್ತೆ, ಯಾರೂ ಬಿಡುವಿಲ್ದಿದ್ರೆ ಕಟ್. ಅಲ್ಲಿರೋರು ಖಾಲಿ ಕೂರಬಾರದು ಅಂತ ನಿಮ್ಮಮ್ಮ ಗೋಡೆ ಹಿಡ್ಕೊಂಡು ಬರಬೇಕು, ನಿಜವಾಗ್ಲೂ ಸಿಟ್ಟು ಬರುತ್ತೆ ನಂಗೆ. ಹಲೋ ಅಂದು ಎರಡೆಣಿಸಿ, ಉತ್ತರ ಬರದಿದ್ರೆ ಇಟ್ಬಿಡಲಿ.

‘ಆಮೇಲೆ ಮಾಡು’ ಅನ್ನೋದು ಮಾತ್ರ ಖಂಡಿತ ಬೇಡ. ನಾವು ಮನಸ್ಸು ನೋಯಿಸಬಾರದು ಅಂತ ಹೇಳ್ತೀವಿ, ಆದ್ರೆ ಪ್ರತಿ ಕಾಲ್ ಮುಗಿದ ಮೇಲೂ ಏನಾಯ್ತು ಅಂತ ಅವರು ಸ್ಕ್ರೀನಲ್ಲಿ ಗುರುತು ಹಾಕ್ಬೇಕು, ಅಲ್ಲಿ ‘ಕಾಲ್ ಬ್ಯಾಕ್’ ಅಂತ ಬಿತ್ತೋ ನಿಮ್ಮ ನಂಬರ್ ಮತ್ತೆ ಸರದಿಗೆ ಬಂತು ಅಂತಲೇ. ‘ಬೇಡಮ್ಮ, ನಮ್ಮ ನಂಬರ್ ಲಿಸ್ಟಿಂದ ತೆಗೆದ್ಬಿಡಿ’ ಅಷ್ಟು ಹೇಳಿ ಇಟ್ರೆ ಸಾಕು. ಕಾರಣ ಹೇಳೋಕೆ ಹೋಗ್ಬೇಡಿ, ನೀವು ಏನಂದ್ರೂ ಅದಕ್ಕೊಂದು ಉತ್ತರ ಅವರ ಮುಂದೆ ಬರೆದಿಟ್ಟಿರುತ್ತೆ. ಬೈಯೋದೂ ಬೇಡ, ಆ ಹುಡುಗಿಗೂ ಟಾರ್ಗೆಟ್ ಇರುತ್ತೆ ಪಾಪ.

ರೆಕಾರ್ಡ್ ಮಾಡಿದ ದನಿ ಬಂದು ‘ಕಾಲ್ ಬೇಡದಿದ್ರೆ 9 ಒತ್ತಿ’ ಅಂದ್ರೆ ಒತ್ಬೇಡಿ, ಈ ನಂಬರಲ್ಲಿ ಜನ ಇದಾರೆ ಅಂತ ನೀವೇ ಹೇಳಿದ ಹಾಗಾಗುತ್ತೆ. ಓಟಿಪಿ, ಕಾರ್ಡ್ ನಂಬರ್ ಯಾರು ಕೇಳಿದ್ರೂ ಹೇಳ್ಬಾರ್ದು ಅಂತ ಅಮ್ಮಂಗೆ ಇನ್ನೊಂದ್ಸಲ ಹೇಳಿ.

ಡಿಎನ್‌ಡಿ ಅಂದ್ರೆ ಮಾರ್ಕೆಟಿಂಗ್ ಕಾಲ್ ಬೇಡ ಅನ್ನೋರ ಪಟ್ಟಿ, ಅದಕ್ಕೆ ನಿಮ್ಮ ನಂಬರ್ ಹಾಕಿಸಿಲ್ದಿದ್ರೆ ಇವತ್ತೇ 1909ಕ್ಕೆ ಕಾಲ್ ಮಾಡಿ ಹಾಕಿಸಿ, ದುಡ್ಡು ಕೊಡಬೇಕಿಲ್ಲ. ಇಂಥ ಪಟ್ಟಿ ಅಮೆರಿಕದಲ್ಲಿ 2003ರಿಂದ, ನಮ್ಮಲ್ಲಿ 2007ರಿಂದ ಇದೆ. ಕಾನೂನಿಗೆ ಹೆದರೋ ಕಂಪನಿಗಳು ನಿಲ್ಲಿಸ್ತಾರೆ, ಮೋಸಗಾರರು ನಿಲ್ಲಿಸಲ್ಲ. ಅದಕ್ಕೇ ಮನೆಯವರೆಲ್ಲ ಒಂದು ಗುರುತು ಇಟ್ಕೊಳ್ಳಿ, ಎರಡು ರಿಂಗ್ ಕೊಟ್ಟು ಕಟ್ ಮಾಡಿ ಮತ್ತೆ ಮಾಡಿ, ಅಮ್ಮ ಅದಕ್ಕೆ ಮಾತ್ರ ಏಳಲಿ.