ಫೋನು, ಆ್ಯಪ್‌ಗಳನ್ನು ನಮ್ಮ ನೆಮ್ಮದಿ ಕೆಡಿಸದಂತೆ ರೂಪಿಸೋಕೆ ಆಗುತ್ತಾ?

ಖಂಡಿತ ಆಗುತ್ತೆ. ಹಿಂದೆ ಪುಟ ಮುಗಿದರೆ 'ಮುಂದಿನ ಪುಟ' ಒತ್ತಬೇಕಿತ್ತು. ಆ ಒಂದು ಕ್ಷಣದಲ್ಲಿ 'ಸಾಕು' ಅನ್ನಿಸಿ ಏಳಬಹುದಿತ್ತು. 2006ರಲ್ಲಿ ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕ ರೂಪಿಸಿದ, ಮುಗಿಯದೇ ಸಾಗುವ ಸ್ಕ್ರೋಲ್ ಆ ಬಿಡುವನ್ನೇ ಕಿತ್ತುಕೊಂಡಿತು. ಆಮೇಲೆ ಅವರೇ ಅದಕ್ಕೆ ವಿಷಾದಿಸಿದರು. ಹಾಗಾಗಿ ಫೀಡ್‌ಗೆ, ಅಂದರೆ ಆ್ಯಪ್‌ನಲ್ಲಿ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ ಸಾಲಿಗೆ, ಒಂದು ಕೊನೆ ಇರಲಿ, ಒಂದು ವಿಡಿಯೊ ಮುಗಿದ ಕೂಡಲೇ ಇನ್ನೊಂದು ತಾನಾಗಿ ಶುರುವಾಗದಿರಲಿ.

ನೋಟಿಫಿಕೇಶನ್ ಕೂಡ ಹಾಗೇ. ಮನೆಯವರ ಮೆಸೇಜ್ ತಕ್ಷಣ ಬರಲಿ. ಲೈಕು, ಆಫರ್‌ಗಳು ದಿನಕ್ಕೊಮ್ಮೆ ಒಟ್ಟಿಗೆ ಬಂದರೆ ಸಾಕಲ್ವಾ?

ಆದರೆ ಕಂಪನಿಯವರು ನಾವು ಎಷ್ಟು ಹೊತ್ತು ನೋಡಿದೆವು ಅನ್ನೋದನ್ನಷ್ಟೇ ಅಳೆದರೆ ಇದ್ಯಾವುದೂ ನಿಲ್ಲುವುದಿಲ್ಲ. ಬಂದ ಕೆಲಸ ಆಯಿತಾ ಅಂತ ಅಳೆಯಬೇಕು. ಈ ಸೌಲಭ್ಯಗಳು ಮೊದಲಿಂದಲೇ ಆನ್ ಆಗಿರಬೇಕು. ಸೆಟ್ಟಿಂಗ್ಸ್‌ನ ಮೂಲೆಯಲ್ಲಿಟ್ಟರೆ ಹೆಚ್ಚಿನವರು ಅತ್ತ ಹೋಗುವುದೇ ಇಲ್ಲ.